ಬೆಳೆದ ಮೆದುಳಿನಲ್ಲಿ ಹೊಸ ನರಕೋಶಗಳು: ಬೆಳವಣಿಗೆಯ ಅಂಶಗಳು ಹೇಳುವ ಪಾಠ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಲ ನೀವು ಮಾತನಾಡಬೇಕು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ಉರ್ದು ಅಥವಾ ಕನ್ನಡ ಕಲಿಕೆಯ ಬಗ್ಗೆ ಮಾತನಾಡಲು ಹೇಳುತ್ತಾರೆ ಎಂದುಕೊಂಡಿದ್ದೆ. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದರು. ನಾನು ಮೆದುಳನ್ನು ಆರಿಸಿಕೊಂಡೆ. ಭಾಷೆಯ ಶಿಕ್ಷಕಿಗೆ ಮೆದುಳಿನ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ನಾನು ಬಿ.ಎಡ್. ಮಾಡಿದವಳೇ ಹೊರತು ವಿಜ್ಞಾನ ಓದಿದವಳಲ್ಲ. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು. ಅದನ್ನೇ ಮೊದಲು ಹೇಳುತ್ತೇನೆ.

ಒಂದು ಕರಪತ್ರದ ಕಥೆ

ನನ್ನ ಮಾಮು, ಅಂದರೆ ತಾಯಿಯ ಅಣ್ಣ, ಮೂವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಎರಡು ವರ್ಷಗಳ ಹಿಂದೆ ಒಂದು ದಿನ ಬೆಳಿಗ್ಗೆ ಅವರ ಬಲಗೈ ಸೋತುಹೋಯಿತು, ಬಾಯಿ ಸೊಟ್ಟಗಾಯಿತು, ಮಾತು ತೊದಲತೊಡಗಿತು. ಮನೆಯವರು ಸುಸ್ತು ಇರಬೇಕು ಎಂದುಕೊಂಡರು. ಕೈಗೆ ಎಣ್ಣೆ ತಿಕ್ಕಿದರು, ಮಲಗಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಮಧ್ಯಾಹ್ನ ಎರಡು ಗಂಟೆಗೆ. ನಾವು ಲಕ್ವ ಎನ್ನುವ, ಪುಸ್ತಕದಲ್ಲಿ ಪಾರ್ಶ್ವವಾಯು ಎಂದು ಬರೆಯುವ ಕಾಯಿಲೆ ಅದು. ಜೀವ ಉಳಿಯಿತು. ಬಲಗೈ ಮತ್ತು ಮಾತು ಹೋದವು.

ಮೂರು ತಿಂಗಳ ನಂತರ ಅವರ ಮಗ ನನ್ನ ಬಳಿ ಒಂದು ಬಣ್ಣದ ಕರಪತ್ರ ತಂದ. ದೊಡ್ಡ ನಗರದ ಒಂದು ಖಾಸಗಿ ಕ್ಲಿನಿಕ್ಕಿನದು. ಪೂರ್ತಿ ಇಂಗ್ಲಿಷಿನಲ್ಲಿತ್ತು. "ಆಪಾ, ನೀವು ಓದಿದವರು. ಇದರಲ್ಲಿ ಏನಿದೆ ಸರಿಯಾಗಿ ಓದಿ ಹೇಳಿ. ಅಬ್ಬಾ ಮತ್ತೆ ಕತ್ತರಿ ಹಿಡಿಯುತ್ತಾರೆ ಅಂತ ಅವರು ಹೇಳ್ತಿದ್ದಾರೆ. ನಾಲ್ಕು ಲಕ್ಷ ಆಗುತ್ತೆ. ಸೈಟು ಮಾರೋಣ ಅಂತ ಅಮ್ಮಿ ಅಂತಿದ್ದಾರೆ" ಎಂದ. ಆ ಸೈಟು ಅವನ ತಂಗಿಯ ಮದುವೆಗೆಂದು ಇಟ್ಟದ್ದು.

ಕರಪತ್ರವನ್ನು ಎರಡು ಸಲ ಓದಿದೆ. ಸ್ಟೆಮ್ ಸೆಲ್ ಎಂದಿತ್ತು, ಗ್ರೋತ್ ಫ್ಯಾಕ್ಟರ್ ಎಂದಿತ್ತು, ಮೆದುಳಿನಲ್ಲಿ ಹೊಸ ನರಕೋಶಗಳು ಬೆಳೆಯುತ್ತವೆ ಎಂದಿತ್ತು. ಪ್ರತಿಯೊಂದು ಶಬ್ದವನ್ನೂ ಓದಬಲ್ಲೆ, ಆದರೆ ಒಂದರ ಅರ್ಥವೂ ನನಗೆ ಗೊತ್ತಿರಲಿಲ್ಲ. ಆ ಹುಡುಗ ನನ್ನ ಮುಖ ನೋಡುತ್ತ ಕುಳಿತಿದ್ದ. ಒಂದು ವಾರ ಸಮಯ ಕೊಡು ಎಂದೆ. ಆ ವಾರದಲ್ಲಿ ಮತ್ತು ಅನಂತರ ನಾನು ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೆದುಳು ಮತ್ತೆ ಬೆಳೆಯುವುದಿಲ್ಲ ಎಂಬ ನಂಬಿಕೆ

ನಮ್ಮ ಚರ್ಮ ಗಾಯವಾದರೆ ಮತ್ತೆ ಬೆಳೆಯುತ್ತದೆ. ರಕ್ತದ ಕಣಗಳು ದಿನವೂ ಹೊಸದಾಗಿ ಹುಟ್ಟುತ್ತವೆ. ಆದರೆ ಮೆದುಳಿನ ನರಕೋಶ ಸತ್ತರೆ ಸತ್ತಂತೆಯೇ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಈ ಮಾತಿಗೆ ದೊಡ್ಡವರ ಆಧಾರವಿತ್ತು. ಸ್ಪೇನ್ ದೇಶದ ಸಾಂತಿಯಾಗೋ ರಾಮೋನ್ ಇ ಕಹಾಲ್ ನರಕೋಶಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದು ತೋರಿಸಿದ ಮಹಾ ವಿಜ್ಞಾನಿ. ಅವರಿಗೆ 1906ರಲ್ಲಿ ನೊಬೆಲ್ ಬಹುಮಾನ ಬಂತು. ಬೆಳೆದ ಮೆದುಳಿನಲ್ಲಿ ನರಗಳ ದಾರಿ ಮುಗಿದುಹೋದ ವಿಷಯ, ಅಲ್ಲಿ ಸಾವು ಉಂಟು, ಮರುಹುಟ್ಟು ಇಲ್ಲ ಎಂದು ಅವರು ಬರೆದರು. ಈ ಕಠಿಣ ತೀರ್ಪನ್ನು ಬದಲಿಸುವುದು ಸಾಧ್ಯವಾದರೆ ಅದು ಮುಂದಿನ ವಿಜ್ಞಾನದ ಕೆಲಸ ಎಂದೂ ಸೇರಿಸಿದರು. ಜಗತ್ತು ಮೊದಲ ಮಾತನ್ನು ನೆನಪಿಟ್ಟುಕೊಂಡಿತು, ಎರಡನೆಯದನ್ನು ಮರೆಯಿತು.

1962ರಲ್ಲಿ ಅಮೆರಿಕದ ಜೋಸೆಫ್ ಆಲ್ಟ್‌ಮನ್ ಇಲಿಗಳಿಗೆ ಒಂದು ಗುರುತಿನ ರಾಸಾಯನಿಕ ಕೊಟ್ಟರು. ಹೊಸದಾಗಿ ಹುಟ್ಟುವ ಕೋಶಗಳಲ್ಲಿ ಮಾತ್ರ ಅದು ಸೇರಿಕೊಳ್ಳುತ್ತದೆ. ಬೆಳೆದ ಇಲಿಯ ಮೆದುಳಿನಲ್ಲಿ ಆ ಗುರುತು ಕಾಣಿಸಿತು. 1965ರಲ್ಲಿ ಗೋಪಾಲ್ ದಾಸ್ ಅವರೊಡನೆ ಸೇರಿ, ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ಬರೆದರು. ಬಹುಮಂದಿ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1980ರ ದಶಕದಲ್ಲಿ ಫರ್ನಾಂಡೋ ನೋಟೆಬೋಮ್ ಎಂಬವರು ಕ್ಯಾನರಿ ಹಕ್ಕಿಯ ಮೆದುಳಿನಲ್ಲಿ, ಅದರ ಹಾಡಿಗೆ ಸಂಬಂಧಿಸಿದ ಭಾಗದಲ್ಲೇ, ಹೊಸ ನರಕೋಶಗಳನ್ನು ತೋರಿಸಿದ ಮೇಲೆ ಜನ ಸ್ವಲ್ಪ ಕಿವಿಗೊಟ್ಟರು. ಆದರೂ ಒಂದು ಪ್ರಶ್ನೆ ಉಳಿದಿತ್ತು. ಹೊಸ ನರಕೋಶ ಹುಟ್ಟುವುದಾದರೆ ಅದರ ಬೀಜ ಎಲ್ಲಿದೆ? ಅದನ್ನು ಎಬ್ಬಿಸುವವರು ಯಾರು?

ಮಲಗುವ ಕೋಣೆಯ ಪ್ರಯೋಗಶಾಲೆ

ಉತ್ತರ ಬಂದದ್ದು ಬೇರೆ ದಾರಿಯಿಂದ. ವಿದ್ಯಾರ್ಥಿನಿಯರು ಇದನ್ನು ಗಮನವಿಟ್ಟು ಕೇಳಬೇಕು.

ಇಟಲಿಯ ತೂರಿನ್ ನಗರದಲ್ಲಿ 1909ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಎಂಬಾಕೆ ಹುಟ್ಟಿದರು. ವೈದ್ಯಕೀಯ ಓದಿದರು. 1938ರಲ್ಲಿ ಮುಸೊಲಿನಿಯ ಸರ್ಕಾರ ಯಹೂದಿಗಳು ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಬಾರದು ಎಂದು ಕಾನೂನು ತಂದಿತು. ಆಕೆ ಯಹೂದಿ. ಕೆಲಸ ಹೋಯಿತು. ಆಕೆ ತನ್ನ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಕೋಳಿಮೊಟ್ಟೆಯೊಳಗಿನ ಪುಟ್ಟ ಭ್ರೂಣದ ನರಗಳನ್ನು ಅಭ್ಯಾಸ ಮಾಡತೊಡಗಿದರು. ಉಪಕರಣ ಕೊಳ್ಳುವ ಅನುಕೂಲವಿರಲಿಲ್ಲ. ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರ ಮಾಡಿಕೊಂಡರು. ಇದನ್ನು ಓದುವಾಗ ನನಗೆ ಮಾಮುವಿನ ಅಂಗಡಿಯ ಸೂಜಿಡಬ್ಬಿ ನೆನಪಾಯಿತು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಆಕೆ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹೋದರು. ಕೆಲವು ತಿಂಗಳಿಗೆಂದು ಹೋದವರು ದಶಕಗಳ ಕಾಲ ಅಲ್ಲಿ ಕೆಲಸ ಮಾಡಿದರು. ಒಂದು ಬಗೆಯ ಇಲಿಗಡ್ಡೆಯ ಹತ್ತಿರ ಇಟ್ಟ ನರಗಳು ಸೂರ್ಯನ ಕಿರಣಗಳಂತೆ ಸುತ್ತಲೂ ಚಿಗುರಿದ್ದನ್ನು ಕಂಡರು. ಗಡ್ಡೆಯಿಂದ ಏನೋ ಒಂದು ವಸ್ತು ಹೊರಬಂದು ನರಗಳಿಗೆ "ಬೆಳೆಯಿರಿ" ಎನ್ನುತ್ತಿದೆ ಎಂದು ತೀರ್ಮಾನಿಸಿದರು. ಅದನ್ನು ಬೇರ್ಪಡಿಸಲು ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನ ವಿಜ್ಞಾನಿ ಜೊತೆಗೂಡಿದರು. ಹಾಗೆ ಸಿಕ್ಕಿದ್ದು ನರ ಬೆಳವಣಿಗೆಯ ಅಂಶ, ಎನ್‌ಜಿಎಫ್. ಬೆಳವಣಿಗೆಯ ಅಂಶ ಎಂದರೆ ಗ್ರೋತ್ ಫ್ಯಾಕ್ಟರಿಗೆ ನಾನು ಇಲ್ಲಿ ಬಳಸುವ ಕನ್ನಡ. ಅದು ಒಂದು ಪ್ರೋಟೀನು. ಒಂದು ಕೋಶ ಅದನ್ನು ಹೊರಕ್ಕೆ ಬಿಡುತ್ತದೆ, ಇನ್ನೊಂದು ಕೋಶ ಅದನ್ನು ಗುರುತಿಸಿ ಅದರಂತೆ ನಡೆಯುತ್ತದೆ.

ಇಲಿಯ ಜೊಲ್ಲುಗ್ರಂಥಿಯಲ್ಲಿ ಈ ವಸ್ತು ಹೇರಳವಾಗಿ ಸಿಗುತ್ತದೆ ಎಂದು ಕೋಹೆನ್ ಕಂಡುಕೊಂಡರು. ಆ ಗ್ರಂಥಿಯ ಸಾರವನ್ನು ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಒಂದು ವಿಚಿತ್ರ ನಡೆಯಿತು. ಸಾಮಾನ್ಯವಾಗಿ ಸುಮಾರು ಎರಡು ವಾರಕ್ಕೆ ಕಣ್ಣು ಬಿಡುವ ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು. ಹಲ್ಲೂ ಬೇಗ ಬಂತು. ಬೇರೆಯವರಾದರೆ ಇದು ನಮ್ಮ ವಿಷಯವಲ್ಲ ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ಕೋಹೆನ್ ಬಿಡಲಿಲ್ಲ. ಎನ್‌ಜಿಎಫ್ ಈ ಕೆಲಸ ಮಾಡುವುದಿಲ್ಲ, ಹಾಗಾದರೆ ಇದರಲ್ಲಿ ಇನ್ನೊಂದು ವಸ್ತುವಿದೆ ಎಂದು ಹುಡುಕಿದರು. 1962ರಲ್ಲಿ ಅದನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಅದೇ ಮುಂದೆ ಇಜಿಎಫ್, ಅಂದರೆ ಹೊರಚರ್ಮದ ಬೆಳವಣಿಗೆಯ ಅಂಶ ಎಂದು ಹೆಸರಾಯಿತು. 53 ಅಮೈನೋ ಆಮ್ಲಗಳ ಪುಟ್ಟ ಸರಪಳಿ. 1986ರಲ್ಲಿ ಲೆವಿ-ಮೊಂಟಾಲ್ಚಿನಿ ಮತ್ತು ಕೋಹೆನ್ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಎರಡು ದಾರಿಗಳು ಕೂಡಿದವು

1992ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮುಯೆಲ್ ವೈಸ್ ಬೆಳೆದ ಇಲಿಯ ಮೆದುಳಿನಿಂದ ಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿಟ್ಟರು. ಕೆಲವೇ ದಿನಗಳಲ್ಲಿ ಬಹುಪಾಲು ಕೋಶಗಳು ಸತ್ತವು. ಆದರೆ ತಟ್ಟೆಗೆ ಇಜಿಎಫ್ ಹಾಕಿದ್ದರು. ಅದರ ಬಲದಿಂದ ಬೆರಳೆಣಿಕೆಯ ಕೋಶಗಳು ಸಾಯದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಪುಟ್ಟ ಉಂಡೆಗಳಾದವು. ಆ ಉಂಡೆಗಳಿಂದ ನರಕೋಶಗಳೂ ಹುಟ್ಟಿದವು, ನರಕೋಶಗಳಿಗೆ ಆಸರೆ ಕೊಡುವ ಪೋಷಕ ಕೋಶಗಳೂ ಹುಟ್ಟಿದವು. ಜೊಲ್ಲುಗ್ರಂಥಿಯಲ್ಲಿ ಸಿಕ್ಕಿದ, ಇಲಿಮರಿಯ ಕಣ್ಣು ತೆರೆಸಿದ ವಸ್ತುವೇ ಮೂವತ್ತು ವರ್ಷಗಳ ನಂತರ ಮೆದುಳಿನೊಳಗೆ ಮಲಗಿದ್ದ ಬೀಜದ ಕಣ್ಣನ್ನೂ ತೆರೆಸಿತು.

ಈ ಬೀಜಗಳನ್ನೇ ನರ ಆಕರ ಕೋಶಗಳು ಎನ್ನುತ್ತಾರೆ. ಕರಪತ್ರದ ಸ್ಟೆಮ್ ಸೆಲ್ ಇದೇ. ಗದ್ದೆಯ ಮೂಲೆಯಲ್ಲಿ ರೈತರು ಸಸಿಮಡಿ ಮಾಡಿರುತ್ತಾರಲ್ಲ, ಹಾಗೆ ಇಲಿಯಂತಹ ಪ್ರಾಣಿಗಳ ಬೆಳೆದ ಮೆದುಳಿನಲ್ಲಿ ಮುಖ್ಯವಾಗಿ ಎರಡು ಸಸಿಮಡಿಗಳಿವೆ. ಒಂದು, ಮೆದುಳಿನ ನಡುವೆ ದ್ರವ ತುಂಬಿದ ಕುಳಿಗಳಿವೆಯಲ್ಲ, ಅವುಗಳ ಗೋಡೆಯಲ್ಲಿ. ಇಲ್ಲಿ ಹುಟ್ಟಿದ ಎಳೆಯ ಕೋಶಗಳು ವಾಸನೆ ಗ್ರಹಿಸುವ ಭಾಗದವರೆಗೆ ಪ್ರಯಾಣ ಮಾಡುತ್ತವೆ. ಇನ್ನೊಂದು, ಆಗ ಹೇಳಿದ ಹಿಪ್ಪೋಕ್ಯಾಂಪಸ್‌ನಲ್ಲಿ.

ಮನುಷ್ಯರಲ್ಲಿ? 1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಅಮೆರಿಕದ ಫ್ರೆಡ್ ಗೇಜ್ ಅವರ ತಂಡ ಕ್ಯಾನ್ಸರ್ ರೋಗಿಗಳ ಮೆದುಳನ್ನು ಅವರ ಮರಣಾನಂತರ ಪರೀಕ್ಷಿಸಿತು. ಆ ರೋಗಿಗಳಿಗೆ ಗಡ್ಡೆಯ ಪರೀಕ್ಷೆಗೆಂದು ಮೊದಲೇ ಗುರುತಿನ ರಾಸಾಯನಿಕ ಕೊಡಲಾಗಿತ್ತು. ಹಿಪ್ಪೋಕ್ಯಾಂಪಸ್‌ನಲ್ಲಿ ಗುರುತಿರುವ ಹೊಸ ನರಕೋಶಗಳು ಸಿಕ್ಕವು. 2013ರಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ ಇನ್ನೂ ಸೋಜಿಗದ ಲೆಕ್ಕ ಹಾಕಿತು. 1950ರ ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣದ ಇಂಗಾಲ ಹೆಚ್ಚಾಗಿತ್ತು. 1963ರ ಒಪ್ಪಂದದ ನಂತರ ಅದು ವರ್ಷ ವರ್ಷ ಇಳಿಯುತ್ತ ಬಂತು. ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಆ ಕೋಶ ಹುಟ್ಟಿದ ಕಾಲ ತಿಳಿಯುತ್ತದೆ. ಹೀಗೆ ಎಣಿಸಿ, ಒಂದೊಂದು ಬದಿಯ ಹಿಪ್ಪೋಕ್ಯಾಂಪಸ್‌ನಲ್ಲೂ ದಿನಕ್ಕೆ ಸುಮಾರು 700 ಹೊಸ ನರಕೋಶಗಳು ಸೇರುತ್ತವೆ ಎಂದರು.

ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. 2018ರಲ್ಲಿ ಒಂದು ತಂಡ ದೊಡ್ಡವರ ಮೆದುಳಿನಲ್ಲಿ ಇಂತಹ ಎಳೆಯ ನರಕೋಶ ಕಾಣಲೇ ಇಲ್ಲ ಎಂದಿತು. ಅದೇ ವರ್ಷ ಇನ್ನೊಂದು ತಂಡ ವೃದ್ಧರಲ್ಲೂ ಇದೆ ಎಂದಿತು. 2025ರಲ್ಲಿ ಫ್ರಿಸೆನ್ ಅವರ ತಂಡ ವಯಸ್ಕರ ಹಿಪ್ಪೋಕ್ಯಾಂಪಸ್‌ನಲ್ಲಿ ವಿಭಜನೆಯಾಗುತ್ತಿರುವ ಕೋಶಗಳನ್ನೇ ಗುರುತಿಸಿತು. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಬಹಳ ಕಡಿಮೆ. ಮಕ್ಕಳೇ, ವಿಜ್ಞಾನ ಮುಂದೆ ಹೋಗುವುದು ಹೀಗೆ. ಜಗಳವಾಡುತ್ತದೆ, ಆದರೆ ಸಾಕ್ಷಿ ಹಿಡಿದುಕೊಂಡು ಜಗಳವಾಡುತ್ತದೆ.

ಶಾಲೆಯ ಗಂಟೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಸಿಮಡಿಯಲ್ಲಿ ಬೀಜವಿದ್ದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಯಾವಾಗ ಏಳಬೇಕು, ಎಷ್ಟು ಹೆಚ್ಚಬೇಕು, ಏನಾಗಬೇಕು, ಯಾವಾಗ ನಿಲ್ಲಬೇಕು, ಇದನ್ನು ಹೇಳುವುದು ಬೆಳವಣಿಗೆಯ ಅಂಶಗಳು.

ನಮ್ಮ ಶಾಲೆಯ ಗಂಟೆಯನ್ನು ನೆನೆಸಿಕೊಳ್ಳಿ. ಗಂಟೆ ಒಂದೇ ಆದರೂ ಪ್ರಾರ್ಥನೆಗೆ ಒಂದು ಬಗೆ, ಊಟದ ಬಿಡುವಿಗೆ ಒಂದು ಬಗೆ, ಮನೆಗೆ ಹೋಗಲು ಒಂದು ಬಗೆ ಬಾರಿಸುತ್ತಾರೆ. ಮೆದುಳಿನಲ್ಲಿಯೂ ಹಾಗೆಯೇ ಬಗೆಬಗೆಯ ಸೂಚನೆಗಳಿವೆ. ಕೋಶದ ಮೈಮೇಲೆ ಗ್ರಾಹಕ ಎಂಬ ಕಿವಿಗಳಿರುತ್ತವೆ. ಯಾವ ಕೋಶಕ್ಕೆ ಯಾವ ಕಿವಿಯಿದೆಯೋ ಅದಕ್ಕೆ ಆ ಗಂಟೆ ಮಾತ್ರ ಕೇಳಿಸುತ್ತದೆ.

ಇಜಿಎಫ್ ಮತ್ತು ಎಫ್‌ಜಿಎಫ್-2 ಎಂಬ ಎರಡು ಅಂಶಗಳು "ಹೆಚ್ಚಿರಿ" ಎಂದು ಹೇಳುವಂತಹವು. ಆದರೆ ಎರಡೂ ಒಂದೇ ಅಲ್ಲ. 1997ರಲ್ಲಿ ಗೇಜ್ ಅವರ ತಂಡದವರು ಇಲಿಗಳ ಮೆದುಳಿನ ಕುಳಿಗೆ ಇವೆರಡನ್ನೂ ಬೇರೆಬೇರೆಯಾಗಿ ಎರಡು ವಾರ ಹರಿಸಿ ನೋಡಿದರು. ಎಫ್‌ಜಿಎಫ್-2 ಕೊಟ್ಟಾಗ ವಾಸನೆಯ ಭಾಗಕ್ಕೆ ಬಂದ ಹೊಸ ನರಕೋಶಗಳು ಹೆಚ್ಚಾದವು. ಇಜಿಎಫ್ ಕೊಟ್ಟಾಗ ಕುಳಿಯ ಗೋಡೆಯಲ್ಲಿ ಕೋಶಗಳೇನೋ ಹೆಚ್ಚಿದವು, ಆದರೆ ಅಲ್ಲಿಗೆ ಬಂದು ಸೇರಿದ ಹೊಸ ನರಕೋಶಗಳು ಕಡಿಮೆಯಾದವು, ಪೋಷಕ ಕೋಶಗಳು ಹೆಚ್ಚಾದವು. ತಲೆ ಎಣಿಕೆ ಹೆಚ್ಚಿತು, ಬೇಕಾದವರು ಬರಲಿಲ್ಲ. ಇದು ನೆನಪಿಡಬೇಕಾದ ಪ್ರಯೋಗ.

ಬಿಡಿಎನ್‌ಎಫ್ ಎಂಬುದು ಮತ್ತೊಂದು. ಇದನ್ನು 1982ರಲ್ಲಿ ಈವ್-ಅಲೈನ್ ಬಾರ್ಡ್ ಮತ್ತು ಸಂಗಡಿಗರು ಹಂದಿಯ ಮೆದುಳಿನಿಂದ ಶುದ್ಧೀಕರಿಸಿದರು. ಹುಟ್ಟಿದ ನರಕೋಶಗಳು ಬದುಕಿ ಉಳಿಯಲು, ಬೇರೆ ನರಕೋಶಗಳೊಡನೆ ಸಂಬಂಧ ಬೆಳೆಸಲು ಇದು ನೆರವಾಗುತ್ತದೆ. ಹೊಸದಾಗಿ ಹುಟ್ಟಿದ ಬಹಳಷ್ಟು ನರಕೋಶಗಳು ಕೆಲಸ ಸಿಗದೆ ಕೆಲವು ವಾರಗಳಲ್ಲಿ ಸಾಯುತ್ತವೆ. ಆದ್ದರಿಂದ ಹುಟ್ಟಿಸುವುದಷ್ಟೇ ಮುಖ್ಯ ಉಳಿಸುವುದು.

ಇನ್ನು ಬಿಎಂಪಿ ಎಂಬ ಅಂಶ ಹೇಳುವುದು "ಸುಮ್ಮನೆ ಮಲಗಿರು" ಎಂದು. ಇದೆಂಥ ಬೆಳವಣಿಗೆಯ ಅಂಶ ಎಂದು ನನಗೆ ಮೊದಲು ಆಶ್ಚರ್ಯವಾಯಿತು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಯ ಹಿಪ್ಪೋಕ್ಯಾಂಪಸ್‌ನ ಆಕರ ಕೋಶಗಳಿಗೆ ಈ ಸೂಚನೆ ತಲುಪದಂತೆ ತಡೆದರು. ಮೊದಲು ಕೋಶಗಳು ಭರಭರನೆ ಹೆಚ್ಚಿದವು. ಅನಂತರ ಆಕರ ಕೋಶಗಳ ದಾಸ್ತಾನು ಕರಗಿತು, ಹೊಸ ನರಕೋಶಗಳ ಹುಟ್ಟೂ ಕುಸಿಯಿತು. ಬಿತ್ತನೆಯ ಬೀಜವನ್ನೇ ಕುಟ್ಟಿ ತಿಂದರೆ ಮುಂದಿನ ವರ್ಷ ಹೊಲ ಬರಿದಾಗುತ್ತದೆಯಲ್ಲವೇ? ಮಲಗಿರು ಎನ್ನುವ ಸೂಚನೆಯೂ ಕಾಪಾಡುವ ಸೂಚನೆಯೇ.

ಚುಚ್ಚುಮದ್ದು ಏಕೆ ಸುಲಭವಲ್ಲ

ಈಗ ಕರಪತ್ರಕ್ಕೆ ಮರಳೋಣ. ಬೆಳವಣಿಗೆಯ ಅಂಶ ಇದೆ, ಆಕರ ಕೋಶ ಇದೆ, ಲಕ್ವ ಹೊಡೆದ ಮೆದುಳಿಗೆ ಚುಚ್ಚಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕರಪತ್ರದ ಶಕ್ತಿ ಇರುವುದೇ ಅಲ್ಲಿ. ಅದರ ಒಂದೊಂದು ಶಬ್ದವೂ ನಿಜ. ಸುಳ್ಳಿದ್ದದ್ದು ಶಬ್ದಗಳನ್ನು ಜೋಡಿಸಿದ ರೀತಿಯಲ್ಲಿ.

ಮೊದಲನೆಯ ತೊಡಕು, ದಾರಿ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ಒಂದು ತಡೆಗೋಡೆ ಇದೆ. ಪ್ರೋಟೀನುಗಳು ಅದನ್ನು ಸುಲಭವಾಗಿ ದಾಟುವುದಿಲ್ಲ. ಎಫ್‌ಜಿಎಫ್-2 ಅನ್ನು ಲಕ್ವ ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳು 1990ರ ದಶಕದಲ್ಲಿ ನಡೆದವು. ರೋಗಿಗಳ ರಕ್ತದೊತ್ತಡ ಇಳಿಯಿತು. ಪ್ರಯೋಜನ ಸಾಬೀತಾಗಲಿಲ್ಲ. ಪ್ರಯೋಗಗಳನ್ನು ನಿಲ್ಲಿಸಿದರು.

ಎರಡನೆಯದು, ಪ್ರಮಾಣ. 2002ರಲ್ಲಿ ಸ್ವೀಡನ್ನಿನ ಓಲ್ಲೆ ಲಿಂಡ್ವಾಲ್ ಅವರ ತಂಡ ಇಲಿಗಳಲ್ಲಿ ಲಕ್ವ ಉಂಟುಮಾಡಿ ನೋಡಿತು. ಸಸಿಮಡಿಯಿಂದ ಎಳೆಯ ನರಕೋಶಗಳು ತಾವಾಗಿಯೇ ಹಾನಿಯಾದ ಜಾಗಕ್ಕೆ ಹೊರಟು ಬಂದವು. ಓದುತ್ತ ನನ್ನ ಕಣ್ಣು ತುಂಬಿತು. ಮುಂದಿನ ಸಾಲು ಓದಿದೆ. ಬಂದವುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಕೆಲವೇ ವಾರಗಳಲ್ಲಿ ಸತ್ತವು. ಕೊನೆಗೆ ಭರ್ತಿಯಾದದ್ದು ಸತ್ತ ನರಕೋಶಗಳ ನೂರರಲ್ಲಿ 0.2 ಭಾಗ, ಅಂದರೆ ಸಾವಿರಕ್ಕೆ ಎರಡು.

ಮೂರನೆಯದು, ಅಪಾಯ. "ಹೆಚ್ಚಿರಿ" ಎಂಬ ಗಂಟೆ ನಿಲ್ಲದೆ ಬಾರಿಸಿದರೆ ಅದಕ್ಕೆ ನಾವು ಇಟ್ಟಿರುವ ಹೆಸರು ಗಡ್ಡೆ. 2006ರಲ್ಲಿ ಇಲಿಗಳ ಮೆದುಳಿಗೆ ಪಿಡಿಜಿಎಫ್ ಎಂಬ ಅಂಶವನ್ನು ಹರಿಸಿದಾಗ ಆಕರ ಕೋಶಗಳು ಮೆದುಳುಗಡ್ಡೆಯನ್ನು ಹೋಲುವ ರಾಶಿಗಳಾದವು. ಮನುಷ್ಯರ ಒಂದು ಕೆಟ್ಟ ಮೆದುಳುಗಡ್ಡೆಯಲ್ಲಿ ಇಜಿಎಫ್‌ನ ಕಿವಿಗಳೇ ಅತಿಯಾಗಿ ಬೆಳೆದಿರುವುದು ಹಲವು ರೋಗಿಗಳಲ್ಲಿ ಕಂಡಿದೆ. 2009ರಲ್ಲಿ ಇಸ್ರೇಲಿನ ವೈದ್ಯರು ಒಬ್ಬ ಹುಡುಗನ ಬಗ್ಗೆ ಬರೆದರು. ನರರೋಗವಿದ್ದ ಅವನನ್ನು ಮಾಸ್ಕೋಗೆ ಕರೆದೊಯ್ದು ಭ್ರೂಣದ ನರ ಆಕರ ಕೋಶಗಳನ್ನು ಮೆದುಳಿಗೆ ಚುಚ್ಚಿಸಲಾಗಿತ್ತು. ನಾಲ್ಕು ವರ್ಷದ ನಂತರ ಅವನ ಮೆದುಳಿನಲ್ಲಿ ಮತ್ತು ಬೆನ್ನುಹುರಿಯಲ್ಲಿ ಗಡ್ಡೆಗಳು ಕಂಡವು. ಗಡ್ಡೆಯ ಕೋಶಗಳು ಅವನವಲ್ಲ, ಚುಚ್ಚಿದ ಕೋಶಗಳಿಂದ ಹುಟ್ಟಿದವು ಎಂದು ಪರೀಕ್ಷೆ ತೋರಿಸಿತು.

ಈ ಸಂಶೋಧನೆಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಇದು ನಡೆಯಬೇಕು, ನಮ್ಮ ಮಕ್ಕಳೂ ಇದರಲ್ಲಿ ಸೇರಬೇಕು. ಆದರೆ ಸಂಶೋಧನೆ ಬೇರೆ, ಬೆಲೆ ಕಟ್ಟಿ ಮಾರುವ ಚಿಕಿತ್ಸೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಲಕ್ವದಂತಹ ಕಾಯಿಲೆಗೆ ಆಕರ ಕೋಶಗಳನ್ನು ಕೊಡುವುದು ನೋಂದಾಯಿತ ವೈದ್ಯಕೀಯ ಪ್ರಯೋಗದ ಒಳಗೆ ಮಾತ್ರ.

ಮಾಮುವಿನ ಮಾತಿಗೆ ಮರಳಿ

ಒಂದು ವಾರ ಕಳೆದು ಮಾಮುವಿನ ಮಗನೊಡನೆ ನರರೋಗ ತಜ್ಞರೊಬ್ಬರ ಬಳಿ ಹೋದೆ. ಕರಪತ್ರ ತೋರಿಸಿದೆವು. ಅವರು ಸಿಟ್ಟಾಗಲಿಲ್ಲ. "ಈ ಹಣದಲ್ಲಿ ಮನೆಗೆ ಬರುವ ಫಿಸಿಯೋಥೆರಪಿಯವರನ್ನು ಎಷ್ಟು ತಿಂಗಳು ಇಟ್ಟುಕೊಳ್ಳಬಹುದು ಲೆಕ್ಕ ಹಾಕಿ" ಎಂದರು. ಲಕ್ವದ ನಂತರ ಚೇತರಿಕೆ ಬಹುಪಾಲು ಬರುವುದು ಹೊಸ ಕೋಶಗಳಿಂದಲ್ಲ, ಉಳಿದ ಕೋಶಗಳು ಹೊಸ ಕೆಲಸ ಕಲಿಯುವುದರಿಂದ ಎಂದು ವಿವರಿಸಿದರು. ಕಲಿಕೆ ಎಂದ ಮೇಲೆ ಅಭ್ಯಾಸ ಬೇಕು, ದಿನವೂ ಬೇಕು.

ಸೈಟು ಮಾರಬೇಡಿ ಎಂದು ನಾನೇ ಹೇಳಬೇಕಾಯಿತು. ಮಾಮಿ ಆರು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. "ನಿನ್ನ ಅಬ್ಬಾ ಆಗಿದ್ದರೆ ಹೀಗೆ ಹೇಳುತ್ತಿದ್ದೆಯಾ?" ಎಂದು ಒಂದು ಸಲ ಕೇಳಿದರು. ಆ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಎಬ್ಬಿಸಿದೆ. ಇಂದು ಮಾಮು ಕೋಲು ಹಿಡಿದು ನಡೆಯುತ್ತಾರೆ. ಇಪ್ಪತ್ತು ಮೂವತ್ತು ಮಾತು ಮರಳಿ ಬಂದಿವೆ. ಕತ್ತರಿ ಹಿಡಿಯಲಾರರು. ಎಡಗೈಯಲ್ಲಿ ಗುಂಡಿ ಹೊಲಿಯಲು ಕಲಿತಿದ್ದಾರೆ. ಒಂದು ಅಂಗಿಗೆ ಅರ್ಧ ದಿನ ಹಿಡಿಯುತ್ತದೆ. ಕರಪತ್ರ ಹೇಳಿದಂತೆ ಪೂರ್ತಿ ಗುಣವಾಗಲಿಲ್ಲ, ಆದರೆ ಬಂದಿರುವುದು ಅವರು ಕಲಿತು ಗಳಿಸಿದ್ದು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. 2006ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ದೊಡ್ಡ ರಕ್ತನಾಳ ಕಟ್ಟಿಕೊಂಡು ಬರುವ ಲಕ್ವದಲ್ಲಿ ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ. ಹಿಪ್ಪೋಕ್ಯಾಂಪಸ್‌ನ ಎರಡೂ ಬದಿ ಸೇರಿ ದಿನಕ್ಕೆ ಹುಟ್ಟುವುದು ಸುಮಾರು 1,400. ಗಣಿತದ ಮಕ್ಕಳು ಭಾಗಿಸಿ ನೋಡಿ. ಒಂದೇ ನಿಮಿಷದ ನಷ್ಟಕ್ಕೆ ಸಮವಾಗಲು ಮೂರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅದೂ ಆ ಹೊಸ ಕೋಶಗಳು ಹಿಪ್ಪೋಕ್ಯಾಂಪಸ್ ಬಿಟ್ಟು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಎಣ್ಣೆ ತಿಕ್ಕುತ್ತ ಕಳೆದದ್ದು ನಿಮಿಷಗಳಲ್ಲ, ಏಳು ಗಂಟೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೂರು ತಿಂಗಳ ಮೇಲೆ ನಾಲ್ಕು ಲಕ್ಷ ಖರ್ಚು ಮಾಡಲು ಸಿದ್ಧರಿದ್ದ ನಾವು ಆ ಬೆಳಿಗ್ಗೆ ಒಂದು ಆಟೋ ಕರೆಯಲಿಲ್ಲ. ಈ ತಪ್ಪು ನಮ್ಮದು.

ಕೊನೆಯದಾಗಿ

ವಿದ್ಯಾರ್ಥಿಗಳಿಗೆ ಒಂದು ಸಂತೋಷದ ಸಂಗತಿ. 1999ರಲ್ಲಿ ಗೇಜ್ ಅವರ ಪ್ರಯೋಗಾಲಯದಲ್ಲಿ ಚಕ್ರದ ಮೇಲೆ ಓಡಿದ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಾದವು. ಓಡಿದಾಗ ರಕ್ತದಲ್ಲಿರುವ ಐಜಿಎಫ್-1 ಎಂಬ ಬೆಳವಣಿಗೆಯ ಅಂಶ ಮೆದುಳನ್ನು ಹೆಚ್ಚಾಗಿ ಸೇರುತ್ತದೆ, ಅದನ್ನು ತಡೆದರೆ ಓಟದ ಈ ಲಾಭ ಸಿಗುವುದಿಲ್ಲ ಎಂದು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ತೋರಿಸಿದರು. ಇದು ಇಲಿಗಳ ಮಾತು. ಮನುಷ್ಯರಲ್ಲಿ ಹೀಗೇ ಆಗುತ್ತದೆ ಎಂದು ನಾನು ಹೇಳಿದರೆ ನಾನೂ ಒಂದು ಕರಪತ್ರ ಹಂಚಿದಂತಾಗುತ್ತದೆ. ಆದರೆ ನಡಿಗೆಯೂ ಓಟವೂ ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ನೆರವಾಗುತ್ತವೆ, ಲಕ್ವದ ಅಪಾಯ ಕಡಿಮೆಯಾಗುತ್ತದೆ. ಇದರಲ್ಲಿ ಸಂಶಯವಿಲ್ಲ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೇಳಿ ಪಡೆಯುವ ನನ್ನ ಸಹೋದ್ಯೋಗಿಗಳು ಕ್ಷಮಿಸಬೇಕು.

ಸದಸ್ಯರಲ್ಲಿ ಮತ್ತು ಪಾಲಕರಲ್ಲಿ ನನ್ನ ಕೋರಿಕೆ ಎರಡು. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ಹುಡುಕಬೇಡಿ, ಗಾಡಿ ಹುಡುಕಿ. 108ಕ್ಕೆ ಕರೆ ಮಾಡಿ. ಎರಡನೆಯದಾಗಿ, ಯಾರಾದರೂ ಇಂತಹ ಹೊಸ ಚಿಕಿತ್ಸೆ ಎಂದು ಹಣ ಕೇಳಿದರೆ ಮೂರು ಪ್ರಶ್ನೆ ಕೇಳಿ. ಇದು ಅಂಗೀಕೃತ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿಯಲ್ಲಿ ಇದರ ಸಂಖ್ಯೆ ಏನು? ಪ್ರಯೋಗವೆಂದ ಮೇಲೆ ನಮ್ಮಿಂದ ಹಣ ಏಕೆ? ಉತ್ತರ ಕೊಡದವರ ಬಾಗಿಲಿನಿಂದ ಎದ್ದು ಬನ್ನಿ.

ಮಕ್ಕಳೇ, ನಮ್ಮ ಮನೆಗಳಲ್ಲಿ ಓದಿದವರು ಎಂದರೆ ನೀವೇ. ನಾಳೆ ಒಂದು ಕಾಗದ ಹಿಡಿದು ಯಾರೋ ನಿಮ್ಮ ಮುಂದೆ ಬಂದು ಕೂರುತ್ತಾರೆ. ಅವರ ಸೈಟು, ಅವರ ಒಡವೆ, ಅವರ ಜೀವ ನಿಮ್ಮ ಮಾತಿನ ಮೇಲೆ ನಿಂತಿರುತ್ತದೆ. ಅಕ್ಷರ ಓದಿದರೆ ಸಾಲದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಒಂದು ವಾರ ಸಮಯ ಕೇಳಿ, ಹೋಗಿ ತಿಳಿದುಕೊಂಡು ಬನ್ನಿ. ಅದಕ್ಕಾಗಿಯೇ ನಾವು ನಿಮ್ಮನ್ನು ಓದಿಸುತ್ತಿರುವುದು.